ಕಡಲಿಗೆ ಬೆನ್ನು ಮಾಡಿ ಉಣ್ಣಿ

ಗೋಕರ್ಣದ ಕುಡ್ಲೆ ತೀರದಲ್ಲಿ ಸಾಲಾಗಿ ನಿಂತ ಹೋಟೆಲುಗಳ ಮೆನು ಕಾರ್ಡು ತೆರೆದರೆ ಪಿಜ್ಜಾ ಇದೆ, ಪಾಸ್ತಾ ಇದೆ, ಹಮ್ಮಸ್ ಇದೆ, ಶಕ್ಷೂಕಾ ಇದೆ, ಬಾಳೆಹಣ್ಣಿನ ಪ್ಯಾನ್‌ಕೇಕ್ ಇದೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬಂದವರಿಗೆ ಪನೀರ್ ಬಟರ್ ಮಸಾಲಾ, ಗೋಬಿ ಮಂಚೂರಿಯೂ ಉಂಟು. ಕೆಲವು ಕಾರ್ಡುಗಳಲ್ಲಿ ಹೀಬ್ರೂ ಲಿಪಿಯೂ ಕಾಣುತ್ತದೆ. ಇಲ್ಲದ್ದು ಒಂದೇ: ಆ ತೀರದಿಂದ ಕೂಗಳತೆಯಲ್ಲಿರುವ ಮನೆಗಳಲ್ಲಿ ಅವತ್ತು ಮಧ್ಯಾಹ್ನ ಜನ ಉಣ್ಣುತ್ತಿರುವ ಊಟ. ಕುಚ್ಚಲಕ್ಕಿ ಅನ್ನ, ಕಾಯಿ ಅರೆದು ಮಾಡಿದ ಬಂಗುಡೆ ಸಾರು, ಒಣ ಶೆಟ್ಲಿಯ (ಸಿಗಡಿಯ) ಚಟ್ನಿ, ಕೊನೆಗೊಂದು ಲೋಟ ಸೋಲ್‌ಕಡಿ. ಸಮುದ್ರ ನೋಡಲೆಂದು ಇಷ್ಟು ದೂರ ಬಂದವರು ಆ ಸಮುದ್ರದ ರುಚಿ ನೋಡದೆ ವಾಪಸು ಹೋಗುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ತೀರದ ಹೋಟೆಲಿನವರನ್ನು ದೂರಿ ಪ್ರಯೋಜನವಿಲ್ಲ. ಅವರ ವ್ಯಾಪಾರ ಮಳೆ ನಿಂತ ಮೇಲೆ ಶುರುವಾಗಿ, ಮತ್ತೆ ಮಳೆ ಹಿಡಿಯುವ ಹೊತ್ತಿಗೆ ಮುಗಿಯಬೇಕು. ಅಷ್ಟರಲ್ಲಿ ಇಡೀ ವರ್ಷದ ದುಡಿಮೆ ಆಗಬೇಕು. ಅಡುಗೆಯವರಲ್ಲಿ ಅನೇಕರು ನೇಪಾಳದಿಂದಲೋ ಉತ್ತರ ಭಾರತದಿಂದಲೋ ಬಂದ ಹುಡುಗರು. ಅವರಿಗೆ ಬಂಗುಡೆ ಸಾರಿನ ಹದ ಹೇಳಿಕೊಟ್ಟವರಿಲ್ಲ, ಗಿರಾಕಿಗಳು ಕೇಳುವುದೂ ಇಲ್ಲ. ಬಂದವರು ಬೆಳಗ್ಗೆ ಹನ್ನೊಂದಕ್ಕೆ ಎದ್ದು ತಿಂಡಿ ಕೇಳುತ್ತಾರೆ, ನಾಲ್ಕಕ್ಕೆ ಊಟ ಕೇಳುತ್ತಾರೆ. ಯಾವ ಹೊತ್ತಿಗೆ ಕೇಳಿದರೂ ಹತ್ತು ನಿಮಿಷದಲ್ಲಿ ಮಾಡಿಕೊಡಬಹುದಾದ ತಿನಿಸು ಮಾತ್ರ ಆ ಅಡುಗೆಮನೆಯಲ್ಲಿ ಉಳಿಯುತ್ತದೆ. ಕಾಯಿ ತುರಿದು, ಮಸಾಲೆ ನುಣ್ಣಗೆ ಅರೆದು, ಅವತ್ತಿನ ಮೀನಿಗೆ ಅವತ್ತೇ ಹಾಕಿ ಇಳಿಸುವ ಸಾರಿಗೆ ಅಲ್ಲಿ ಜಾಗ ಸಿಗುವುದು ಕಷ್ಟ.

ಹಾಗಾದರೆ ಆ ಊಟ ಎಲ್ಲಿದೆ? ಉತ್ತರ ಕನ್ನಡದ ಕರಾವಳಿಯಲ್ಲಿ ಅದು ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದೆ. ಕುಮಟಾ, ಅಂಕೋಲಾ, ಕಾರವಾರ, ಹೊನ್ನಾವರ ಪೇಟೆಗಳಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಕೋರ್ಟು ಕಚೇರಿಗಳ ಆಸುಪಾಸಿನಲ್ಲಿ, ಮೀನು ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ, ತದಡಿ, ಬೇಲೆಕೇರಿಯಂಥ ಮೀನುಗಾರಿಕಾ ಬಂದರುಗಳ ಬಾಯಲ್ಲಿ. ಹಳೇ ಮನೆಯ ಮುಂದಿನ ಜಗುಲಿಯನ್ನೇ ಹೋಟೆಲು ಮಾಡಿಕೊಂಡ ಖಾನಾವಳಿಗಳು ಇವು. ನಾಲ್ಕಾರು ಮೇಜು, ಗೋಡೆಗೆ ದೇವರ ಫೋಟೊ, ಕೈತೊಳೆಯಲು ಹಿತ್ತಲಿನಲ್ಲೊಂದು ನಲ್ಲಿ. ಹೆಸರಿನ ಫಲಕ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಉಣ್ಣುವವರು ವಕೀಲರ ಗುಮಾಸ್ತರು, ಬಸ್ಸಿನ ಕಂಡಕ್ಟರು, ಬ್ಯಾಂಕಿನವರು, ಹಳ್ಳಿಯಿಂದ ಕೆಲಸಕ್ಕೆ ಬಂದವರು. ವರ್ಷಪೂರ್ತಿ ಇದೇ ಜನ ಬರುವುದರಿಂದ ಅಲ್ಲಿ ಹಳಸಲು ಮೀನು ಹಾಕಿ ಒಂದು ದಿನ ದಾಟಿಸಬಹುದೇ ಹೊರತು ಒಂದು ವಾರ ನಡೆಯುವುದಿಲ್ಲ.

ಇಂಥ ಹೋಟೆಲುಗಳ ಹೆಸರು ಇಲ್ಲಿ ಪಟ್ಟಿ ಮಾಡುವುದಿಲ್ಲ. ಅಡುಗೆ ಮಾಡುವ ಅಮ್ಮನಿಗೆ ಮೊಣಕಾಲು ನೋವು ಬಂದರೆ ಮುಂದಿನ ವರ್ಷ ಆ ಬಾಗಿಲು ತೆರೆದಿರುತ್ತದೆಂದು ಹೇಳಲಾಗದು. ಹುಡುಕುವ ಬಗೆ ಗೊತ್ತಿದ್ದರೆ ಸಾಕು. ರಿಕ್ಷಾದವರನ್ನು ಕೇಳುವಾಗ 'ಒಳ್ಳೆಯ ಹೋಟೆಲು ಎಲ್ಲಿದೆ' ಎಂದು ಕೇಳಬೇಡಿ. ಎಸಿ ಇರುವ ಕಡೆಗೆ ಕರೆದೊಯ್ಯುತ್ತಾರೆ. 'ನೀವು ಮಧ್ಯಾಹ್ನ ಮೀನೂಟ ಎಲ್ಲಿ ಮಾಡುತ್ತೀರಿ' ಎಂದು ಕೇಳಿ.

ಹೊತ್ತು ಮುಖ್ಯ. ಹನ್ನೆರಡೂವರೆಗೆ ಎಲೆ ಹಾಕಿದರೆ ಎರಡೂವರೆಗೆ ಪಾತ್ರೆ ಖಾಲಿ. ಸಂಜೆ ಹೋಗಿ ಅದೇ ಊಟ ಕೇಳಿದರೆ ಸಿಗುವುದಿಲ್ಲ, ಸಿಕ್ಕರೂ ಮಧ್ಯಾಹ್ನದ್ದಲ್ಲ. ಬೀಚಿನ ದಿನಚರಿಯೇ ಬೇರೆ, ಊರಿನ ದಿನಚರಿಯೇ ಬೇರೆ. ಒಂದು ಹೊತ್ತಿನ ಮಟ್ಟಿಗಾದರೂ ಊರಿನ ಗಡಿಯಾರಕ್ಕೆ ಹೊಂದಿಕೊಂಡವರಿಗೆ ಮಾತ್ರ ಈ ಊಟ.

ಕೂತ ತಕ್ಷಣ ಸ್ಟೀಲು ತಟ್ಟೆಯೋ ಬಾಳೆಲೆಯೋ ಬರುತ್ತದೆ. ಕುಚ್ಚಲಕ್ಕಿ ಅನ್ನ ಬೇಕೋ, ಬೆಳ್ತಿಗೆ ಬೇಕೋ ಎಂದು ಕೇಳುತ್ತಾರೆ; ಕುಚ್ಚಲಕ್ಕಿಯನ್ನೇ ಹೇಳಿ, ಸಾರನ್ನು ಹೀರಿಕೊಂಡೂ ಕಾಳು ಕಾಳಾಗಿ ಉಳಿಯುವುದು ಅದೇ. ಒಂದು ಪಲ್ಯ, ಉಪ್ಪಿನಕಾಯಿ, ಒಂದು ಬಟ್ಟಲು ಮೀನು ಸಾರು ಊಟದ ಲೆಕ್ಕದಲ್ಲೇ ಬರುತ್ತವೆ. ಹುರಿದ ಮೀನು ಬೇರೆ. ಅದನ್ನು ಹೇಳುವ ಮೊದಲು ಒಂದು ಪ್ರಶ್ನೆ ಕೇಳಬೇಕು: "ಅಕ್ಕಾ, ಇವತ್ತು ಬಂದದ್ದು ಏನು?"

"ಬಂಗಡೆ ಅದೆ, ನೋಗ್ಲಿ ಅದೆ. ಇಸ್ವಾಣ ನಿನ್ನೆದು ತಮ್ಮಾ, ಬ್ಯಾಡ ಬಿಡು."

ಕೇಳಿದರೆ ಇಷ್ಟು ನೇರವಾಗಿ ಹೇಳುವವರಿದ್ದಾರೆ. ನಾವು ಕೇಳುವುದಿಲ್ಲ. ಬಂದವರೆಲ್ಲ ಪಾಪ್ಲೆಟ್, ಇಸ್ವಾಣ, ದೊಡ್ಡ ಸಿಗಡಿ ಈ ಮೂರನ್ನೇ ಬಯಸುತ್ತಾರೆ. ಇಸ್ವಾಣವೆಂದರೆ ಮಂಗಳೂರಿನವರ ಅಂಜಲ್. ಮುಳ್ಳು ಕಡಿಮೆ, ತುಂಡು ದೊಡ್ಡದು, ಹೆಸರು ದೊಡ್ಡದು. ಬೇಡಿಕೆ ಹೆಚ್ಚಿದಂತೆ ಬೆಲೆ ಏರುತ್ತದೆ, ಸಿಗದ ದಿನ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬೇರೆ ಎಲ್ಲಿಂದಲೋ ಬರುತ್ತದೆ. ಅದೇ ಹೊತ್ತಿಗೆ ಅವತ್ತು ಬೆಳಗ್ಗೆ ಎದುರಿನ ಬಂದರಿಗೆ ಬಂದು ಬಿದ್ದ ಬಂಗುಡೆ, ತಾರ್ಲೆ, ಸೌಂದಾಳೆ, ನೋಗ್ಲಿಗಳನ್ನು ಪ್ರವಾಸಿಗರು ತಿರುಗಿಯೂ ನೋಡುವುದಿಲ್ಲ. ತಾರ್ಲೆ ಮಂಗಳೂರಿನ ಬೂತಾಯಿ, ನೋಗ್ಲಿ ಅಲ್ಲಿಯ ಕಾಣೆ. ನನ್ನ ಮಟ್ಟಿಗೆ ಈ ಕರಾವಳಿಯ ರಾಜಮೀನು ಬಂಗುಡೆ. ಮಳೆಗಾಲ ಕಳೆದು ಮೈಯಲ್ಲಿ ಕೊಬ್ಬು ತುಂಬಿದ ಬಂಗುಡೆಯ ಮುಂದೆ ಪಾಪ್ಲೆಟ್ ಸಪ್ಪೆ. ಮುಳ್ಳು ಬಿಡಿಸುವ ತಾಳ್ಮೆ ಬೇಕು, ಅಷ್ಟೆ.

ಆ ಬಂಗುಡೆ ಸಾರು ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತುರಿದ ತೆಂಗಿನಕಾಯಿ, ಬ್ಯಾಡಗಿ ಮೆಣಸು, ಒಂದಿಷ್ಟು ಕೊತ್ತಂಬರಿ ಬೀಜ, ಅರಿಸಿನ, ಹುಣಸೆಹಣ್ಣು. ಇಷ್ಟನ್ನು ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ಅರೆಯಬೇಕು. ಕೆಲವರು ಹುಣಸೆಯ ಬದಲು ಒಣಗಿಸಿದ ಮುರುಗಲು ಸಿಪ್ಪೆ ಹಾಕುತ್ತಾರೆ, ಕಾಲಕ್ಕೆ ತಕ್ಕಂತೆ ಬಿಂಬುಳಿಯೋ ಅಮಟೆಕಾಯಿಯೋ ಬೀಳುತ್ತದೆ. ಮಸಾಲೆ ಕುದಿ ಬಂದ ಮೇಲೆ ಮೀನು ಬಿಡುವುದು. ಬಿಟ್ಟ ಮೇಲೆ ಸೌಟು ಹಾಕಿ ತಿರುವಕೂಡದು, ಪಾತ್ರೆಯನ್ನೇ ಎರಡೂ ಕೈಯಲ್ಲಿ ಹಿಡಿದು ಅಲುಗಿಸಬೇಕು, ಇಲ್ಲದಿದ್ದರೆ ಮೀನು ಮುರಿಯುತ್ತದೆ. ಕೊನೆಗೆ ಬರುವುದು ತಿರಫಲ. ಘಟ್ಟದ ಕಾಡಿನ ಮುಳ್ಳುಮರವೊಂದರ ಕಾಯಿ ಇದು. ಜುಮ್ಮನಕಾಯಿ ಎಂದೂ ಕರೆಯುತ್ತಾರೆ. ಒಳಗಿನ ಕರಿಬೀಜ ತೆಗೆದು, ಸಿಪ್ಪೆಯನ್ನು ನೀರಿನಲ್ಲಿ ಜಜ್ಜಿ ಸಾರಿಗೆ ಬಿಡುತ್ತಾರೆ. ಅರೆಯುವುದಿಲ್ಲ, ಅರೆದರೆ ಕಹಿ. ನಾಲಿಗೆಯ ತುದಿ ಸಣ್ಣಗೆ ಜುಮ್ಮೆನ್ನುತ್ತದೆ, ನಿಂಬೆಸಿಪ್ಪೆಯಂಥ ಒಂದು ಪರಿಮಳ ಮೂಗಿಗೇರುತ್ತದೆ, ಬಂಗುಡೆಯ ಎಣ್ಣೆಯ ವಾಸನೆ ಹದಕ್ಕೆ ಬರುತ್ತದೆ. ಬಂಗುಡೆ, ತಾರ್ಲೆಗಳಂಥ ಕೊಬ್ಬಿನ ಮೀನಿಗೇ ತಿರಫಲ ಹಾಕುವುದು ಇದೇ ಕಾರಣಕ್ಕೆ. ಘಟ್ಟದ ಕಾಡೂ ಕಡಲೂ ಹೀಗೆ ಒಂದೇ ಪಾತ್ರೆಯಲ್ಲಿ ಸೇರುವ ಸಾರು ಇದು. ಕುಡ್ಲೆ ತೀರದ ಯಾವ ತಂದೂರಿ ಮೀನಿನಲ್ಲೂ ಈ ರುಚಿ ನನಗೆ ಸಿಕ್ಕಿಲ್ಲ.

ಕಾಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ ಅದು. ಸಣ್ಣ ನಾಡದೋಣಿಗಳಿಗೆ ಅವಕಾಶವಿದ್ದರೂ ಮಳೆಗಾಲದ ಕಡಲಿಗೆ ಅವು ಇಳಿಯುವ ದಿನಗಳು ಕಡಿಮೆ. ಆ ಎರಡು ತಿಂಗಳಲ್ಲಿ ಯಾವ ಹೋಟೆಲಿನಲ್ಲಾದರೂ 'ತಾಜಾ ಇಸ್ವಾಣ' ಎಂದರೆ ಅದು ಎಲ್ಲಿಂದ ಬಂತೆಂದು ಕೇಳಿಯೇ ಉಣ್ಣಬೇಕು. ಆಗ ಊರಿನವರು ಉಣ್ಣುವುದು ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು. ಹೊರಗೆ ಜಡಿಮಳೆ, ಒಳಗೆ ಬಿಸಿ ಗಂಜಿ, ಕೆಂಡದ ಮೇಲೆ ಸುಟ್ಟ ಒಣಮೀನಿಗೆ ಒಂದಿಷ್ಟು ತೆಂಗಿನೆಣ್ಣೆ. ಮಳೆಗಾಲದಲ್ಲಿ ಬಂದವರು ಹುಡುಕಬೇಕಾದ ಊಟ ಅದು.

ನಿಷೇಧ ಮುಗಿದು ಆಗಸ್ಟ್ ಹಿಡಿದಾಗ ದೋಣಿಗಳು ಇಳಿಯುತ್ತವೆ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಬಂಗುಡೆ, ತಾರ್ಲೆಗಳ ಸುಗ್ಗಿ. ಕಾರವಾರದ ತೀರದಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡುವ ಅದೃಷ್ಟವೂ ಆಗ ಇರಬಹುದು. ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ದಡದಿಂದ ಎರಡೂ ಬದಿಯ ಹಗ್ಗವನ್ನು ಹತ್ತಾರು ಜನ ಸೇರಿ ಎಳೆಯುವ ಹಳೇ ಪದ್ಧತಿ ಇದು. 1970ರ ದಶಕದಲ್ಲಿ ಪರ್ಸೀನ್ ಎಂಬ ಸುತ್ತುಬಲೆಯ ಯಾಂತ್ರೀಕೃತ ದೋಣಿಗಳು ಬಂದ ಮೇಲೆ ರಂಪಣಿ ಸೊರಗಿತು, ಆದರೂ ಪೂರ್ತಿ ಅಳಿದಿಲ್ಲ. ಬಲೆ ದಡಕ್ಕೆ ಬಂದಾಗ ಬುಟ್ಟಿ ಹಿಡಿದು ಕಾಯುವ ಹೆಂಗಸರು ಅಲ್ಲೇ ಖರೀದಿಸಿ ಪೇಟೆಗೆ ಒಯ್ಯುತ್ತಾರೆ. ಅವರ ಬುಟ್ಟಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಮಧ್ಯಾಹ್ನದ ಒಳ್ಳೆಯ ಊಟ ಇದೆ.

ಸಮುದ್ರವೇ ಎಲ್ಲವೂ ಅಲ್ಲ. ಈ ಕರಾವಳಿಯ ಅಡುಗೆಮನೆಯ ಅರ್ಧಭಾಗ ನಡೆಯುವುದು ಅಳಿವೆಗಳಿಂದ, ಅದರಲ್ಲೂ ಅಘನಾಶಿನಿಯಿಂದ. ಶಿರಸಿಯ ಬಳಿ ಹುಟ್ಟಿ, ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ ಹರಿದು, ಗೋಕರ್ಣದ ದಕ್ಷಿಣಕ್ಕೆ ತದಡಿಯಲ್ಲಿ ಕಡಲು ಸೇರುವ ನದಿ ಇದು. ಈ ಅಳಿವೆ 2024ರ ಆರಂಭದಲ್ಲಿ ರಾಮ್ಸರ್ ತಾಣವೆಂದು ಘೋಷಣೆಯಾಯಿತು. ಓಂ ಬೀಚಿನಲ್ಲಿ ಸೆಲ್ಫಿ ತೆಗೆದುಕೊಂಡವರಲ್ಲಿ ಎಷ್ಟು ಮಂದಿ ಅಲ್ಲಿಂದ ಸ್ವಲ್ಪವೇ ದೂರದ ತದಡಿಗೆ ಹೋಗುತ್ತಾರೆ? ಹೋಗಬೇಕು. ಇಳಿತದ ಹೊತ್ತಿಗೆ ಹೋಗಬೇಕು. ನೀರು ಹಿಂದಕ್ಕೆ ಸರಿದು ಮಳಲ ದಿಬ್ಬಗಳು ಮೇಲೆದ್ದಾಗ ಗಂಡಸರು, ಹೆಂಗಸರು ದೋಣಿಯಲ್ಲಿ ಬಂದಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲಬೆರಳಲ್ಲಿ ತಡಕಿ, ಬಗ್ಗಿ ಎತ್ತಿ ಬುಟ್ಟಿಗೆ ಹಾಕುವ ಕೆಲಸ. ಇಳಿತದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ನೀರು ಹೆಚ್ಚು ಇಳಿಯುತ್ತದೆ. ಹಾಗಾಗಿ ಯಾವ ದಿನ ಎಷ್ಟು ಬಳಚು ಎಂಬುದು ಪಂಚಾಂಗದ ಲೆಕ್ಕ.

ಬಳಚಿನ ಸುಕ್ಕೆ ಈ ಭಾಗದ ದೊಡ್ಡ ಅಡುಗೆ ಎಂದು ನಾನು ಹೇಳುತ್ತೇನೆ. ಚಿಪ್ಪನ್ನು ನಾಲ್ಕಾರು ನೀರಿನಲ್ಲಿ ತೊಳೆದು, ಹಬೆಗಿಟ್ಟು ಬಾಯಿ ತೆರೆಸಿ, ಮಾಂಸ ಅಂಟಿದ ಅರ್ಧ ಚಿಪ್ಪನ್ನು ಉಳಿಸಿಕೊಂಡು, ಹುರಿದ ಮಸಾಲೆ ಮತ್ತು ತೆಂಗಿನತುರಿಯ ಜತೆ ನೀರು ಆರುವವರೆಗೆ ಬೇಯಿಸಿದರೆ ಆಯಿತು. ಚಿಪ್ಪು ಬಿಟ್ಟ ನೀರನ್ನು ಚೆಲ್ಲುವುದಿಲ್ಲ, ಉಪ್ಪಿನ ಅಂಶವೆಲ್ಲ ಅದರಲ್ಲೇ ಇರುವುದು. ಕಾರವಾರದ ಕಡೆ ಇದರದೇ ಬಂಧು ಖುಬೆ. ಹೋಟೆಲಿನ ಹಲಗೆಯಲ್ಲಿ ಇವು ಬರೆದಿರುವುದು ಕಡಿಮೆ, ಬಾಯಿಬಿಟ್ಟು ಕೇಳಬೇಕು. ಕೆಲವು ದಿನ ಇರುತ್ತದೆ, ಕೆಲವು ದಿನ ಇಲ್ಲ.

ಅಘನಾಶಿನಿಯ ದಂಡೆಯಲ್ಲಿ ಬೆಳೆಯುವ ಅನ್ನದ ಬಗ್ಗೆಯೂ ಒಂದು ಮಾತು. ಮಾಣಿಕಟ್ಟಾದಂಥ ಊರುಗಳ ಗಜನಿ ಭೂಮಿಗೆ ಉಬ್ಬರದಲ್ಲಿ ಉಪ್ಪುನೀರು ನುಗ್ಗುತ್ತದೆ. ಮಳೆ ಬಂದು ಉಪ್ಪು ತೊಳೆದುಹೋದಾಗ ಅಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನು ತಾಳಿಕೊಳ್ಳುತ್ತದೆ, ನೆರೆಯನ್ನೂ ತಾಳಿಕೊಳ್ಳುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆರೆದು ಕಡಲ ನೀರು ಬಿಟ್ಟುಕೊಂಡರೆ ಅದೇ ಗದ್ದೆಯಲ್ಲಿ ಮೀನು, ಶೆಟ್ಲಿ. ಅಲ್ಲೇ ಹತ್ತಿರದ ಸಾಣಿಕಟ್ಟಾದಲ್ಲಿ ಬೇಸಿಗೆಯಿಡೀ ಉಪ್ಪು ತೆಗೆಯುತ್ತಾರೆ. ಅನ್ನ, ಮೀನು, ಉಪ್ಪು ಮೂರೂ ಒಂದೇ ನೀರಿನಿಂದ ಬಂದ ಊಟ ಈ ನಾಡಿನಲ್ಲಿ ಇನ್ನೆಷ್ಟು ಕಡೆ ಸಿಕ್ಕೀತು? ಕಗ್ಗ ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ, ಶೆಟ್ಲಿಯಲ್ಲಿ ಲಾಭ ಹೆಚ್ಚು. ಅಕ್ಕಿ ಸಿಕ್ಕರೆ ಒಂದೆರಡು ಕೆ.ಜಿ. ಕೊಂಡು ತನ್ನಿ, ಗಂಜಿಗೆ ಹೇಳಿ ಮಾಡಿಸಿದ ಅಕ್ಕಿ.

ಮೀನು ತಿನ್ನದವರು ಇಲ್ಲಿಗೆ ಬಂದರೆ ಸೊಪ್ಪುಸದೆಗೂ ಗತಿಯಿಲ್ಲ ಎಂದುಕೊಂಡು ಪನೀರಿಗೆ ಶರಣಾಗುತ್ತಾರೆ. ಅವರಿಗೆ ನಾನು ಹೇಳುವುದು, ಬೆಳಗ್ಗೆ ಗೋಕರ್ಣದ ಪೇಟೆಯಲ್ಲಿ ಒಂದು ಸುತ್ತು ಬನ್ನಿ ಎಂದು. ಹಾಲಕ್ಕಿ ಒಕ್ಕಲಿಗ ಹೆಂಗಸರು ಕೊರಳ ತುಂಬ ಮಣಿಸರ ಧರಿಸಿ, ಬುಟ್ಟಿ ಮುಂದಿಟ್ಟುಕೊಂಡು ಕೂತಿರುತ್ತಾರೆ. ಕಡಲಂಚಿನ ಮಳಲು ಭೂಮಿಗೆ ನೀರು ಹೊತ್ತು ಹಾಕಿ ಬೆಳೆದ ಹರಿವೆ, ಬದನೆ, ಬೆಂಡೆ, ಹಾಗಲ, ಮೊಗೆಕಾಯಿ. ಆ ತರಕಾರಿಯ ಊಟ ರಥಬೀದಿಯ ಸಣ್ಣ ಹೋಟೆಲುಗಳಲ್ಲಿ, ಮಹಾಬಲೇಶ್ವರ ದೇವಸ್ಥಾನದ ಅನ್ನಪ್ರಸಾದದಲ್ಲಿ, ಯಾತ್ರಿಕರಿಗೆ ಊಟ ಹಾಕುವ ವೈದಿಕರ ಮನೆಗಳಲ್ಲಿ ಸಿಗುತ್ತದೆ. ಹವ್ಯಕರ ಅಡುಗೆಯಂತೂ ಕಡಲ ತೀರದ ಸೆಕೆಗೆಂದೇ ಹುಟ್ಟಿದ್ದು. ಒಂದೆಲಗದ ತಂಬುಳಿ, ಮಾವಿನ ಅಪ್ಪೆಹುಳಿ, ಕೆಸುವಿನ ಕರಕಲಿ. ಬೆವರಿ ಬಂದವರಿಗೆ ಒಂದು ಲೋಟ ಅಪ್ಪೆಹುಳಿ ಕೊಟ್ಟು ನೋಡಿ, ಬಾಟಲಿಯ ತಂಪು ಪಾನೀಯ ಮರೆತುಹೋಗುತ್ತದೆ. ಬೆಳಗಿನ ತಿಂಡಿಗೆ ಬನ್ಸ್, ಮೊಗೆಕಾಯಿ ದೋಸೆ. ಈ ಮಳಲು ಭೂಮಿಗಳು ರೆಸಾರ್ಟುಗಳ ಪಾಲಾದರೆ ಆ ಬುಟ್ಟಿಗಳೂ ಹೋದಂತೆಯೇ. ತೀರದಲ್ಲಿ ಖರ್ಚು ಮಾಡುವ ಹಣದಲ್ಲಿ ಒಂದು ಪಾಲಾದರೂ ಅವರ ಕೈಗೆ ಹೋಗಲಿ ಎಂದು ನಾನು ಕೇಳಿಕೊಳ್ಳುವುದು ಇದಕ್ಕೇ.

ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳ ರಜೆಗೆ ಬರುವವರಿಗೆ ಎರಡು ವಸ್ತು ಕಾದಿರುತ್ತವೆ. ಕುಮಟಾದ ಆಸುಪಾಸು, ಹಂದಿಗೋಣ, ಅಳ್ವೆಕೋಡಿಗಳಲ್ಲಿ ಹೆದ್ದಾರಿ 66ರ ಬದಿಗೆ ಗೊಂಚಲು ಗೊಂಚಲಾಗಿ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ. ಹಸಿಯಾಗಿ ಕಚ್ಚಿ ತಿನ್ನಬಹುದಾದಷ್ಟು ಮೆದು. ಅಂಕೋಲೆಯಲ್ಲಿ ಕರಿ ಈಶಾಡ ಮಾವು. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು. ತೆಳು ಸಿಪ್ಪೆ, ತುಂಬು ತಿರುಳು. ಬಹಳ ದಿನ ಇಡಲು ಬಾರದು, ಹಾಗಾಗಿ ನಿಮ್ಮೂರಿನ ಅಂಗಡಿಗೆ ಬರುತ್ತದೆಂದು ಕಾಯಬೇಡಿ.

ದಕ್ಷಿಣಕ್ಕೆ ಭಟ್ಕಳದವರೆಗೆ ಇಳಿದರೆ ನವಾಯತರ ಬಿರಿಯಾನಿ ಇದೆ. ಈರುಳ್ಳಿ ಧಾರಾಳವಾಗಿ ಬಿದ್ದ ಮಸಾಲೆ ಒಂದು ಪದರ, ಬಿಳಿ ಅನ್ನ ಇನ್ನೊಂದು ಪದರ. ಶಾವಿಗೆಯಲ್ಲೂ ಇದನ್ನು ಮಾಡುತ್ತಾರೆ. ಮುರುಡೇಶ್ವರದ ಪ್ರತಿಮೆ ನೋಡಿ ಅಲ್ಲಿಂದಲೇ ವಾಪಸಾಗುವವರು ಇನ್ನು ಸ್ವಲ್ಪ ಮುಂದೆ ಹೋಗಲೇಬೇಕು. ಉತ್ತರದ ತುದಿಯ ಕಾರವಾರದಲ್ಲಿ ಭಾನುವಾರದ ಸಂತೆ ತಪ್ಪಿಸಬೇಡಿ.

ಕೆಲವು ವ್ಯವಹಾರದ ಮಾತು. ಹುರಿದ ಮೀನಿಗೆ ಗಾತ್ರದ ಮೇಲೆ ದರ. ಬಾಣಲೆಗೆ ಬೀಳುವ ಮೊದಲೇ ಮೀನನ್ನು ತೋರಿಸಲು ಹೇಳಿ, ದರ ಕೇಳಿ. ಊರಿನವರೂ ಹೀಗೇ ಮಾಡುತ್ತಾರೆ, ಇದರಲ್ಲಿ ಸಂಕೋಚವಿಲ್ಲ. ಕಣ್ಣು ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ಕಾಣೆಯಂಥ ಸಣ್ಣ ಮೀನಿಗೆ ರವೆ ಹಚ್ಚಿ ಹುರಿದದ್ದು ಚೆನ್ನ, ಬಂಗುಡೆಗೆ ಬರೀ ಮಸಾಲೆ ಸಾಕು. ಬೆರಳುದ್ದದ ಮರಿ ಇಸ್ವಾಣವನ್ನು ಯಾರಾದರೂ ಹುರಿದು ಕೊಡುತ್ತೇವೆಂದರೆ ಬೇಡ ಎನ್ನಿ. ಮರಿ ಹಿಡಿದರೆ ನಾಳೆಗೆ ಮೀನಿಲ್ಲ. ಊಟದ ಹೊತ್ತಿನಲ್ಲಿ ಮೇಜು ಹಿಡಿದು ಹರಟುತ್ತ ಕೂರಬೇಡಿ, ಹಿಂದೆ ಕಚೇರಿಯಿಂದ ಹಸಿದು ಬಂದವರು ನಿಂತಿರುತ್ತಾರೆ. ಫೋಟೊ ತೆಗೆಯುವ ಮೊದಲು ಅಡುಗೆಯವರನ್ನು ಒಂದು ಮಾತು ಕೇಳಿ.

ಕೊನೆಗೊಂದು ಬಿನ್ನಹ. ಹೊಸ ವರ್ಷಕ್ಕೆಂದು ಡಿಸೆಂಬರ್ ಕೊನೆಯ ವಾರ ಗೋಕರ್ಣಕ್ಕೆ ಮುಗಿಬೀಳುವ ಬದಲು ಈ ಸಲ ಅಕ್ಟೋಬರಿನಲ್ಲಿ ಬನ್ನಿ. ಮಳೆ ಹಿಂದೆ ಸರಿದಿರುತ್ತದೆ, ಕೊಠಡಿಗಳ ಬಾಡಿಗೆ ಇಳಿದಿರುತ್ತದೆ, ಬಂಗುಡೆ ಕೊಬ್ಬಿರುತ್ತದೆ. ರಾತ್ರಿ ಬಸ್ಸು ಇಳಿದವರು ಹನ್ನೆರಡೂವರೆಯ ಹೊತ್ತಿಗೆ ಕುಮಟಾ ಪೇಟೆಯಲ್ಲಿರಿ.